ಲಾರಸ್ ಮತ್ತು ಇನ್ನೊಬ್ಬರು

"ನಾನು ಬದುಕಿದೀನೋ, ಸತ್ತಿದೀನೋ... ನಿಮ್ಮ ಕಂಪ್ಯೂಟರ್ ನೋಡಿ ಸ್ವಲ್ಪ ಹೇಳ್ತೀರಾ ಮೇಡಂ?"

ಲಾರಸ್ ತಲೆಯೆತ್ತಿದಳು. ವಿಯೋನೊ!

ಪ್ರತಿ ಸೋಮವಾರ ಇಂಡೋನೇಷ್ಯಾದ ಸುರಬಾಯದಿಂದ ಕುಪಾಂಗ್‌ಗೆ ಹಾರಿ, ಅಲ್ಲಿನ ಆಸ್ಪತ್ರೆಯ ಡಯಾಲಿಸಿಸ್ ಯಂತ್ರಗಳನ್ನು ರಿಪೇರಿ ಮಾಡಿ ಬರುವವನು. ನಾಲ್ಕು ವರ್ಷಗಳಿಂದ ಕಾಯಂ ಪ್ರಯಾಣಿಕರ ಕೌಂಟರಿನಲ್ಲಿ ಕೂತು ಅವನಿಗೆ ಬೋರ್ಡಿಂಗ್ ಪಾಸ್ ಕೊಡುತ್ತಿದ್ದವಳು ಇವಳೇ. "ಹುಷಾರಾಗಿ ಹೋಗಿ ಬನ್ನಿ" ಎಂದು ಇವಳು, "ಆಯ್ತು ಮೇಡಂ" ಎಂದು ಅವನು. ಅಷ್ಟೇ! ಆ ಎರಡು ಮಾತಿಗಾಗಿ ಇವಳು ಭಾನುವಾರವೇ ಸಮವಸ್ತ್ರ ಇಸ್ತ್ರಿ ಮಾಡಿಡುತ್ತಿದ್ದಳು ಎಂಬುದು ಆ ಪುಣ್ಯಾತ್ಮನಿಗೆ ಹೇಗೆ ಗೊತ್ತಾಗಬೇಕು?

ಇಂದು ಅವನ ಕಣ್ಣುಗಳು ಸೋತಿದ್ದವು. ಒಂದು ಹಳೆಯ ಬಿಸ್ಕತ್ತಿನ ಡಬ್ಬಿಯನ್ನು ಕೌಂಟರಿನ ಮೇಲೆ ಇಟ್ಟ.

"ಬಿಸ್ಕತ್ತಾ?" ಎಂದಳು, ವಾತಾವರಣ ತಿಳಿಮಾಡಲು.

"ಇಂಥ ಡಬ್ಬೀಲಿ ಯಾರ ಮನೇಲಾದ್ರೂ ಬಿಸ್ಕತ್ತು ಸಿಕ್ಕಿದ್ಯಾ? ನಮ್ಮಮ್ಮ ಅಕ್ಕಿ ಹಪ್ಪಳ ತುಂಬಿಡ್ತಿದ್ಲು. ಈಗ ಎಂಟು ವರ್ಷದ ಬೋರ್ಡಿಂಗ್ ಪಾಸಿದೆ."

ಅವನು ಗೋಡೆಯ ಮೇಲಿನ ಪಟ್ಟಿ ತೋರಿಸಿದ. ಕಂಪನಿಗೆ ಹೊಸ ವಿಮಾನ ಬಂದಿತ್ತು. ಅದರ ಮೊದಲ ಹಾರಾಟ, ಸೆಮೆರು ಪರ್ವತದ ಸುತ್ತ ಒಂದು ಗಂಟೆ, ಊಟದ ಜೊತೆ, "ನಮ್ಮ ನಿಷ್ಠಾವಂತ ಗ್ರಾಹಕರಿಗಾಗಿ". ಎಂಬತ್ತು ಹೆಸರುಗಳಿದ್ದವು. ಅವನದಿರಲಿಲ್ಲ.

"ಫೋನಲ್ಲಿ ಕುಣಿಯೋ ಹುಡುಗಿ ಇದಾಳೆ. ನಿಮ್ಮ ಸಾಹೇಬರ ನಾದಿನಿ ಸಂಸಾರ ಸಮೇತ ಇದಾಳೆ. ಊಟಕ್ಕಲ್ಲ ಮೇಡಂ ನಾನು ಆಸೆಪಟ್ಟಿದ್ದು. ಎಂಟು ವರ್ಷದಲ್ಲಿ ಒಂದು ಸಲನೂ ಕೆಲಸ ಇಲ್ದೆ, ಸುಮ್ನೆ ಕಿಟಕಿ ಹತ್ರ ಕೂತು ಹಾರಿಲ್ಲ. ಈ ಸಲ ಕರೀತಾರೆ ಅಂದ್ಕೊಂಡಿದ್ದೆ."

"ಪಟ್ಟಿ ಮೇಲಿಂದ ಬರುತ್ತೆ. ನನ್ನ ಕೈಲೇನಿದೆ?"

"ಏನೂ ಇಲ್ವಾ? ಹಾಗಾದ್ರೆ ಕೊನೇ ಸಾಲು ಏನು? 'ಲಾರಸ್ ಮತ್ತು ಇನ್ನೊಬ್ಬರು'! ನಿಮ್ಮವರಿಗೆ ಸೀಟಿದೆ, ನನಗಿಲ್ಲ. ಚೆನ್ನಾಗಿದೆ ನಿಮ್ಮ ನ್ಯಾಯ!"

ಅವು ಸಿಬ್ಬಂದಿಯ ಪಾಲಿಗೆ ಕೊಟ್ಟ ಎರಡು ಸೀಟು. ಆ ಇನ್ನೊಬ್ಬರು ಯಾರೆಂದು ಹೇಳಿಬಿಡಲೇ? ಅಷ್ಟು ಧೈರ್ಯ ಬರುವ ಮೊದಲೇ ಅವನು ಡಬ್ಬಿಯನ್ನು ಅಲ್ಲೇ ಬಿಟ್ಟು ಹೊರಟುಹೋದ.

ಮುಂದಿನ ಸೋಮವಾರ ಅವನು ಎದುರಿನ ಕಂಪನಿಯ ಸಾಲಿನಲ್ಲಿ ನಿಂತಿದ್ದ. ಅದರ ಮುಂದಿನ ಸೋಮವಾರವೂ. ಇವಳ ಕಡೆ ತಿರುಗಿಯೂ ನೋಡಲಿಲ್ಲ!

'ಹನ್ನೊಂದು ವರ್ಷ... ಪಟ್ಟಿ ಅಂಟಿಸು, ಬೈಗುಳ ತಿನ್ನು, ಕ್ಷಮೆ ಕೇಳು. ಸಾಕಾಗಿಹೋಯ್ತು ಈ ಜೀವನ' ಎಂದುಕೊಳ್ಳುತ್ತಾ ಲಾರಸ್ ಮಧ್ಯಾಹ್ನದ ಬಿಡುವಿನಲ್ಲಿ ಡಬ್ಬಿ ತೆರೆದಳು.

ಪಾಸುಗಳನ್ನು ನೋಡುತ್ತಾ ಹೋದಂತೆ ಅವಳ ಕೈ ನಿಂತಿತು.

ಕೆಲವುಗಳಲ್ಲಿ 'ವಿಯೋನೊ ಸಾಸ್ತ್ರೊ'. ಕೆಲವುಗಳಲ್ಲಿ 'ವಿಯೋನೊ ವಿಯೋನೊ'.

ಅಯ್ಯೋ ದೇವರೇ!

ಅವನಿಗೆ ಇರುವುದು ಒಂದೇ ಹೆಸರು, ಜಾವಾದ ಎಷ್ಟೋ ಜನರ ಹಾಗೆ. ಅವಳ ಅಪ್ಪನಿಗೂ ಒಂದೇ. ಆದರೆ ಕಂಪ್ಯೂಟರಿಗೆ ಎರಡನೇ ಹೆಸರು ಬೇಕೇ ಬೇಕು. ಅವನ ಆಫೀಸಿನವರು ಟಿಕೆಟ್ ಮಾಡಿಸಿದಾಗ ಅಪ್ಪನ ಹೆಸರು ಸೇರಿಸುತ್ತಿದ್ದರು. ಕೌಂಟರಿನಲ್ಲಿ ಟಿಕೆಟ್ ಕೊಂಡಾಗ ಅವನ ಹೆಸರನ್ನೇ ಎರಡು ಸಲ ಒತ್ತುತ್ತಿದ್ದರು. ಒತ್ತುತ್ತಿದ್ದವಳು ಯಾರು? ಇವಳೇ! ಕಂಪ್ಯೂಟರಿನೊಳಗೆ ಅವನು ಇಬ್ಬರಾಗಿದ್ದ. ಅರ್ಧ ಹಾರಾಟ ಅವನಿಗೆ, ಅರ್ಧ ಇವನಿಗೆ. ಇಬ್ಬರಲ್ಲಿ ಯಾರೂ ಪಟ್ಟಿಗೆ ಏರುವಷ್ಟು ಹಾರಿರಲಿಲ್ಲ.

'ನನ್ನ ಬೆರಳೇ ನಿಮ್ಮನ್ನು ಅಳಿಸಿತಲ್ಲ...' ಕಣ್ಣೀರು ಪಾಸುಗಳ ಮೇಲೆ ಬಿತ್ತು.

ಎರಡು ದಿನ ಕೂತು ಹುಡುಕಿದಳು. ಹೀಗೆ ಇಬ್ಬಿಬ್ಬರಾಗಿ ಒಡೆದುಹೋದವರು, ಕೂಡಿಸಿದರೆ ಪಟ್ಟಿಗೆ ಬರಬೇಕಾದವರು, ಒಟ್ಟು ಒಂಬತ್ತು ಜನ ಸಿಕ್ಕರು. ಕಾಗದ ಹಿಡಿದು ಮೇಲಧಿಕಾರಿ ದರ್ಮಾಜಿಯ ಮುಂದೆ ನಿಂತಳು.

"ಪಟ್ಟಿ ಮುಗೀತಮ್ಮಾ," ಎಂದರು ಅವರು. "ಅಷ್ಟು ಕನಿಕರ ಇದ್ರೆ ನಿನ್ನ ಸೀಟು ಕೊಡು."

"ಕೊಡ್ತೀನಿ ಪಾಕ್," ಎಂದಳು, ಅಲ್ಲಿ ದೊಡ್ಡವರನ್ನು ಗೌರವದಿಂದ ಕರೆಯುವ ಹಾಗೆ. "ನನ್ನ ಎರಡೂ ತಗೊಳ್ಳಿ. ಮಿಕ್ಕ ಏಳು ನಿಮ್ಮ ನಾದಿನಿ ಕಡೆಯವರದು. ಇದು ಕನಿಕರ ಅಲ್ಲ, ಅವ್ರಿಗೆ ಸೇರಬೇಕಾದ್ದು. ಇಲ್ದಿದ್ರೆ ಪಟ್ಟಿ ಸರಿ ಇದೆ ಅಂತ ಕೌಂಟರಿನವರು ಹಾಕಬೇಕಾದ ಸಹಿ ನಾನು ಹಾಕಲ್ಲ."

"ನಾದಿನೀನ ಪಟ್ಟಿಯಿಂದ ತೆಗೆದ್ರೆ ಮನೇಲಿ ನನಗೆ ಅನ್ನ ಹಾಕೋರು ಯಾರು, ನೀನಾ?"

"ಊಟದ ಡಬ್ಬಿ ತರ್ತೀನಿ ಪಾಕ್, ದಿನಾ!"

ದರ್ಮಾಜಿ ಅವಳ ಮುಖ ನೋಡಿದರು. ಅವರ ಹೆಸರೂ ಒಂದೇ ಅಲ್ಲವೇ! ನಿಟ್ಟುಸಿರು ಬಿಟ್ಟು ಏಳು ಹೆಸರು ಹೊಡೆದುಹಾಕಿದರು.

ಸೋಮವಾರ ಬೆಳಿಗ್ಗೆ ಲಾರಸ್ ಡಬ್ಬಿ ಹಿಡಿದು ಎದುರಿನ ಕಂಪನಿಯ ಸಾಲಿಗೆ ನಡೆದಳು. ಅಲ್ಲಿನವರೆಲ್ಲ ಅವಳ ಸಮವಸ್ತ್ರವನ್ನೇ ದುರುಗುಟ್ಟಿ ನೋಡಿದರು.

"ತಪ್ಪು ನಂದು," ಎಂದಳು. ನಡೆದದ್ದನ್ನೆಲ್ಲ ಹೇಳಿ ಆಮಂತ್ರಣ ಕೊಟ್ಟಳು. "ಶನಿವಾರ. ಕಿಟಕಿ ಪಕ್ಕದ ಸೀಟು."

ವಿಯೋನೊ ಅದನ್ನು ತಿರುಗಿಸಿ ನೋಡಿದ. "ನೀವು ಯಾವ ಸೀಟಲ್ಲಿ?"

"ನಾನು ಬರ್ತಿಲ್ಲ. ನಂದು, ಆ ಇನ್ನೊಬ್ಬರದು, ಎರಡೂ ಕೊಟ್ಟೆ."

"ಆ ಇನ್ನೊಬ್ಬರಿಗೆ ಬೇಜಾರಾಗಲ್ವಾ?"

ಅವಳು ನಕ್ಕಳು. ಕಣ್ಣು ಮಾತ್ರ ತುಂಬಿತ್ತು.

"ಆಗ್ಲೇ ಆಗಿದೆ. ಕೌಂಟರಿಗೆ ಬಂದು ಬೈದು, ಡಬ್ಬಿ ಬಿಟ್ಟು ಹೋದ್ರಲ್ಲ... ಪಟ್ಟೀಲಿ ನಿಮ್ಮ ಹೆಸರಿಲ್ಲ ಅಂತ ಗೊತ್ತಾದ್ಮೇಲೆ, ನಾನೇ ಕರ್ಕೊಂಡು ಹೋಗೋಣ ಅಂತ ಬರ್ಸಿದ್ದೆ. ಹೇಳೋಕೆ ಧೈರ್ಯ ಬರ್ಲಿಲ್ಲ."

ಸಾಲು ಮುಂದೆ ಹೋಯಿತು. ಅವನು ಹೋಗಲಿಲ್ಲ.

"ಎಂಥಾ ಮುಠ್ಠಾಳ ನಾನು!" ಎಂದ. "ಲಾರಸ್, ಭಾನುವಾರ ಬಂತು ಅಂದ್ರೆ ನಾಳೆ ನಿಮ್ಮನ್ನ ನೋಡ್ತೀನಿ ಅಂತ್ಲೇ ನಿದ್ದೆ ಬರ್ತಿರ್ಲಿಲ್ಲ. ನೀವಿಲ್ದೆ ನನಗೆ ಈ ಹಾರಾಟ ಬೇಡ."

"ಹೋಗ್ಲೇಬೇಕು. ಅದು ನಿಮ್ಮದು. ಅದಕ್ಕೋಸ್ಕರ ಎಷ್ಟು ಜಗಳ ಆಡಿದೀನಿ ಗೊತ್ತಾ?"

ಅವನು ಆಮಂತ್ರಣವನ್ನು ಜೋಪಾನವಾಗಿ ಜೇಬಿಗಿಟ್ಟುಕೊಂಡ.

"ಸರಿ, ಹೋಗ್ತೀನಿ. ಒಂದು ಮಾತು ಕೇಳ್ಲಾ? ಎಂಟು ವರ್ಷದಿಂದ ಇಳಿದು ಬರ್ತಾನೇ ಇದೀನಿ. ಹೊರಗೆ ಬಾಗಿಲ ಹತ್ರ ನನಗೋಸ್ಕರ ಯಾರೂ ನಿಂತಿರಲ್ಲ..."

"ಶನಿವಾರ ನಾನಿರ್ತೀನಿ, ಮಾಸ್," ಎಂದಳು. ಮೊದಲ ಸಲ ಹಾಗೆ ಕರೆದಿದ್ದಳು, ಊರಿನ ಹೆಂಗಸರು ತಮ್ಮವರನ್ನು ಕರೆಯುವ ಹಾಗೆ.

"ಬರೀ ಶನಿವಾರನಾ?"

"ಹುಷಾರಾಗಿ ಹೋಗಿ ಬನ್ನಿ. ಎಷ್ಟು ಸಲ ಇಳೀತೀರೋ, ಅಷ್ಟು ಸಲ ನಿಂತಿರ್ತೀನಿ."