ಬ್ರಷ್‌ಗಳ ನಡುವೆ ಕೂತ ಸ್ಕ್ರಿಪ್ಟ್

ಒಗೆದ ದುಪ್ಪಟಿಯ ಒಂದು ತುದಿ ಅವಳ ಕೈಯಲ್ಲಿ, ಇನ್ನೊಂದು ತುದಿ ಎಂಟು ವರ್ಷದ ಮಗಳ ಕೈಯಲ್ಲಿ. ಇಬ್ಬರೂ ಎದುರುಬದುರು ನಿಂತು ನೀರು ಹಿಂಡುತ್ತಿದ್ದಾಗ ಬಾಗಿಲ ಗಂಟೆ ಸದ್ದು ಮಾಡಿತು. ಹತ್ತಕ್ಕೆ ಬರುತ್ತೇನೆ ಎಂದವನು ಎಂಟೂವರೆಗೇ ಬಂದಿದ್ದ.

"ಕನ್ನಡಕ ಮಾಮ," ಎನ್ನುತ್ತ ಮಗಳು ಕೈಬಿಟ್ಟು ಓಡಿದಳು. ದುಪ್ಪಟಿ ಅರ್ಧ ನೆಲದ ಪಾಲಾಯಿತು.

"ಬಟಾಣಿ, ನಿಲ್ಲು. ಅವರನ್ನ ಏನೂ ಕೇಳ್ಬೇಡ. ಗೊತ್ತಾಯ್ತಾ?"

"ನಾನೇನು ಕೇಳಿದೆ ಈಗ?"

"ನಿನ್ನ ಮುಖ ಕೇಳ್ತಾ ಇದೆ. ಅದನ್ನೂ ಸುಮ್ಮನಿರಿಸು."

ತನ್ನ ಮುಖವಾದರೂ ಸುಮ್ಮನಿತ್ತೇ? ಒದ್ದೆ ಕೈಯಲ್ಲೇ ಕೂದಲು ಸರಿಮಾಡಿಕೊಂಡಳು. ನಿನ್ನೆ ಸಂಜೆ ಅವನು ಕಳಿಸಿದ ಮೆಸೇಜು ಬಾಯಿಪಾಠವಾಗಿಬಿಟ್ಟಿತ್ತು. 'ನಾಳೆ ಬಂದು ಎಲ್ಲಾ ಸರಿಯಾಗಿ ಜೋಡಿಸಿಕೊಟ್ಟುಬಿಡ್ತೀನಿ. ಆಮೇಲೆ ನನ್ನ ಕರೆಯೋ ಅಗತ್ಯ ಬೀಳಲ್ಲ.'

ಅವಳದು ಮನೆಯಲ್ಲೇ ಕೂತು ಹಳೆಯ ಫೋಟೋಗಳನ್ನು ಕಂಪ್ಯೂಟರಿನಲ್ಲಿ ರಿಪೇರಿ ಮಾಡುವ ಕೆಲಸ. ಹರಿದ ಅಂಚು, ಹಳದಿ ಕಲೆ, ಅಳಿಸಿಹೋದ ಕಣ್ಣುರೆಪ್ಪೆ. ಅವನು ಎರಡು ಬೀದಿ ಆಚೆಯ ಫೋಟೋ ಲ್ಯಾಬಿನಲ್ಲಿ ಪ್ರಿಂಟ್ ತೆಗೆಯುವವನು. ಕಂಪ್ಯೂಟರ್ ಕೈಕೊಟ್ಟರೆ ಬಂದು ನೋಡುವವನೂ ಅವನೇ. ಏಳು ತಿಂಗಳಿಂದ ಶುಕ್ರವಾರ ಶುಕ್ರವಾರ ಅದು ತಪ್ಪದೆ ಕೈಕೊಡುತ್ತಿತ್ತು. ಈಗ ಲ್ಯಾಬಿನ ಯಜಮಾನರು ಆರು ಗಂಟೆ ದಾರಿಯ ಊರಿನಲ್ಲಿ ಹೊಸ ಶಾಖೆ ತೆರೆಯುತ್ತಾರಂತೆ, ಇವನೇ ನಡೆಸಬೇಕಂತೆ, ಇವತ್ತು ಮಧ್ಯಾಹ್ನದೊಳಗೆ ಉತ್ತರ ಹೇಳಬೇಕಂತೆ. ಇಷ್ಟನ್ನೂ ಹೇಳಿದ್ದು ಕೌಂಟರಿನ ಹುಡುಗಿ. ಅವನು ಒಂದು ಮಾತೂ ಹೇಳಿರಲಿಲ್ಲ.

"ಬೇಗ ಬಂದುಬಿಟ್ಟೆ," ಎಂದ ಅವನು, ಚಪ್ಪಲಿ ಬಿಡುತ್ತ. "ತೊಂದರೆ ಆಯ್ತೇನೋ."

"ಇಲ್ಲ ಇಲ್ಲ. ಬನ್ನಿ."

ಕಿಟಕಿ ಪಕ್ಕದ ಮೇಜಿನೆದುರು ಅವನು ಕೂತ. ಅವಳು ಹಿಂದೆ ನಿಂತಳು. ಫೋಟೋ ತಿದ್ದುವ ಪ್ರೋಗ್ರಾಂ, ಬಣ್ಣ ಬಳಿಯುವ ತನ್ನ ಬ್ರಷ್‌ಗಳ ಸಮೇತ, ನಿಧಾನವಾಗಿ, ಆಕಳಿಸುತ್ತ ತೆರೆದುಕೊಳ್ಳತೊಡಗಿತು.

"ನಾನೂರು ಬ್ರಷ್ ಹೊತ್ಕೊಂಡು ಏಳ್ಬೇಕಲ್ಲ, ಪಾಪ," ಎಂದ. "ಇದರಲ್ಲಿ ನೀವು ಬಳಸೋದೆಷ್ಟು?"

"ಹದಿನಾಲ್ಕು."

"ಮಿಕ್ಕಿದ್ದು?"

"ಪುಕ್ಕಟೆ ಸಿಕ್ತು ಅಂತ ಇಳಿಸ್ಕೊಂಡೆ."

"ನಮ್ಮಕ್ಕನೂ ಹೀಗೇ. ಖಾಲಿ ಡಬ್ಬಿ ಬಿಸಾಡು ಅಂದ್ರೆ ಮುಚ್ಚಳ ಚೆನ್ನಾಗಿದೆ ಅಂತಾಳೆ."

ಅವಳು ನಕ್ಕಳು. ಪರದೆಯ ಕಪ್ಪು ಅಂಚಿನಲ್ಲಿ ಪ್ರತಿಫಲಿಸಿದ ಅವನ ಕನ್ನಡಕ ಅವಳ ನಗುವಿನ ಕಡೆಗೆ ಒಂದು ಕ್ಷಣ ವಾಲಿ, ಮತ್ತೆ ನೆಟ್ಟಗಾಯಿತು. ಅಷ್ಟಕ್ಕೇ ಅವಳ ಕಿವಿ ಬಿಸಿಯಾಯಿತು. ಇವತ್ತೇ ಕೊನೆ ಎಂದು ನೆನಪಾಗಿ ಬಿಸಿ ಹಾಗೇ ಎದೆಗಿಳಿದು ಕಲ್ಲಾಯಿತು.

ಅವನು ಪ್ರೋಗ್ರಾಮಿನ ಹೊರಗೆ ಒಂದು ಹೊಸ ಫೋಲ್ಡರ್ ಮಾಡಿದ. ಅದರೊಳಗೆ ಬ್ರಷ್‌ಗೆ ಒಂದು, ವಿನ್ಯಾಸಗಳಿಗೆ ಒಂದು, ಸ್ಕ್ರಿಪ್ಟ್‌ಗಳಿಗೆ ಒಂದು. ಸ್ಕ್ರಿಪ್ಟ್ ಅಂದರೆ ಹತ್ತು ಸಲ ಮಾಡುವ ಕೆಲಸವನ್ನು ಒಂದೇ ಒತ್ತಿಗೆ ಮುಗಿಸಿಕೊಡುವ ಸಣ್ಣ ಬರಹ. ಆಮೇಲೆ ಸೆಟ್ಟಿಂಗಿಗೆ ಹೋಗಿ, 'ಇಲ್ಲೂ ಹುಡುಕು' ಎಂದು ಪ್ರೋಗ್ರಾಮಿಗೆ ಆ ಫೋಲ್ಡರುಗಳ ದಾರಿ ತೋರಿಸಿದ.

"ಪ್ರೋಗ್ರಾಂ ಹಳೇದಾಗಲಿ, ಅಳಿಸಿ ಹೊಸದು ಹಾಕ್ಕೊಳ್ಳಿ, ನಿಮ್ಮ ಸಾಮಾನು ನಿಮ್ಮ ಹತ್ರಾನೇ ಇರತ್ತೆ. ದಾರಿ ತೋರಿಸಿದ್ರೆ ಸಾಕು. ಯಾರನ್ನೂ ಕಾಯ್ಬೇಕಾಗಿಲ್ಲ."

ಒಂದೊಂದು ಸ್ಕ್ರಿಪ್ಟಿಗೂ ಅವನು ಪಕ್ಕದಲ್ಲೇ ಟಿಪ್ಪಣಿ ಬರೆದಿಡುತ್ತಿದ್ದ. ಇದು ಅಂಚು ಕತ್ತರಿಸಲು. ಇದು ಅಳತೆ ಬದಲಿಸಲು. ಬಾಡಿಗೆಮನೆ ಬಿಡುವವರು ಯಾವ ಸ್ವಿಚ್ಚು ಯಾವುದಕ್ಕೆಂದು ಮುಂದಿನವರಿಗೆ ಚೀಟಿ ಅಂಟಿಸಿ ಹೋಗುವ ಹಾಗೆ. ಮನೆ ಬಿಟ್ಟು ಹೋಗುವವರನ್ನು ಅವಳು ಕಂಡಿದ್ದಳು. ಮಗಳ ಅಪ್ಪ ಬೇರೆ ಮನೆ ಮಾಡಿ ಆರು ವರ್ಷವಾಗಿತ್ತು. ಅವನು ಚೀಟಿ ಕೂಡ ಬರೆದಿಟ್ಟಿರಲಿಲ್ಲ. ಚೀಟಿ ಬರೆದಿಟ್ಟು ಹೋಗುವುದೋ, ಬರೆಯದೆ ಹೋಗುವುದೋ, ಯಾವುದು ಹೆಚ್ಚು ನೋವೆಂದು ಈಗ ತಿಳಿಯಲಿಲ್ಲ.

'ಹೋಗ್ಬೇಡಿ.' ಒಂದೇ ಉಸಿರಿನ ಮಾತು. ಅದನ್ನು ಹೇಳುವ ಬದಲು ಅವಳು ಒದ್ದೆ ಸೆರಗಿನ ತುದಿ ಹಿಂಡುತ್ತ ನಿಂತಳು.

ಇದ್ದಕ್ಕಿದ್ದಂತೆ ಅವನ ಕೈ ಮೌಸಿನ ಮೇಲೆ ನಿಂತಿತು.

"ಇದೇನು ಇಲ್ಲಿದೆ?"

ಹಳೆಯ ಫೋಲ್ಡರಿನ ಬ್ರಷ್‌ಗಳ ಸಾಲಿನ ನಡುವೆ ಒಂದು ಸ್ಕ್ರಿಪ್ಟ್. ಹಳದಿ ಕಲೆ ತೆಗೆಯಲೆಂದು ಅವನೇ ಅವಳಿಗಾಗಿ ಬರೆದುಕೊಟ್ಟದ್ದು. ಸ್ಕ್ರಿಪ್ಟನ್ನು ಬ್ರಷ್‌ಗಳ ಫೋಲ್ಡರಿಗೆ ಹಾಕಿದರೆ ಪ್ರೋಗ್ರಾಮಿಗೆ ಅದು ಕಾಣುವುದಿಲ್ಲ. ಮೆನುವಿನಿಂದ ಮಾಯ. ಆಗ ಅವಳು ಫೋನ್ ಮಾಡುತ್ತಿದ್ದಳು, ಅವನು ಬರುತ್ತಿದ್ದ.

"ಇದನ್ನ ಎಷ್ಟು ಸಲ ಅದರ ಜಾಗಕ್ಕೆ ಹಾಕಿಲ್ಲ ನಾನು," ಎಂದ ಮೆಲ್ಲಗೆ. "ಮತ್ತೆ ಇಲ್ಲೇ ಬಂದು ಕೂತಿದೆ. ಫೈಲಿಗೆ ಕಾಲಿರಲ್ಲ."

ಕಳ್ಳನ ಮನಸ್ಸು ಹುಳ್ಳಹುಳ್ಳಗೆ. ಅವಳ ಬಾಯಿಂದ ಮಾತು ತಾನಾಗಿ ಜಾರಿತು. "ಬಟಾಣಿ ಆಟ ಆಡ್ತಾ ಎಳೆದುಬಿಟ್ಟಿರ್ಬೇಕು."

ಬಾಗಿಲಿಗೊರಗಿ ನಿಂತಿದ್ದ ಮಗಳು ಅಮ್ಮನನ್ನು ನೋಡಿದಳು. ಅಲ್ಲ ಎನ್ನಲಿಲ್ಲ, ಮುಖ ಊದಿಸಲಿಲ್ಲ. ಏನೂ ಕೇಳಬೇಡ ಎಂದು ಅಮ್ಮ ಹೇಳಿದ್ದಳಲ್ಲ; ತುಟಿ ಬಿಗಿದು ಸುಮ್ಮನೆ ನೋಡಿದಳು. ತಾಯಾದವಳಿಗೆ ಅದನ್ನು ತಡೆಯಲಾಗಲಿಲ್ಲ.

"ಅವಳಲ್ಲ," ಎಂದಳು. ಅವಳ ದನಿ ಅವಳಿಗೇ ಬೇರೆಯವರದಂತೆ ಕೇಳಿಸಿತು. "ನಾನೇ. ಪ್ರತಿ ಗುರುವಾರ ನಾನೇ ಎತ್ತಿ ಅಲ್ಲಿಡ್ತಿದ್ದೆ."

ಅವನು ತಿರುಗಲಿಲ್ಲ. ಕತ್ತಿನ ಹಿಂಭಾಗ ಮಾತ್ರ ನಿಧಾನವಾಗಿ ಕೆಂಪೇರಿತು. ನಗುತ್ತಾನೋ, ಎದ್ದು ಹೋಗುತ್ತಾನೋ, ಛೆ ಎನ್ನುತ್ತಾನೋ. ಅವಳು ಕುರ್ಚಿಯ ಬೆನ್ನನ್ನು ಗಟ್ಟಿಯಾಗಿ ಹಿಡಿದುಕೊಂಡಳು.

"ಇವತ್ತು ಮಾಡಿದ ಕೆಲಸ ಇದೆಯಲ್ಲ," ಎಂದ ಕೊನೆಗೆ, "ಒಂದು ಗಂಟೇದು. ಮೊದಲನೇ ದಿನವೇ ಮುಗಿಸಬಹುದಿತ್ತು."

"ಮತ್ತೆ ಯಾಕೆ..."

"ಮುಗಿದರೆ ಬರೋಕೆ ನೆಪ ಬೇಕಲ್ಲ." ಈಗ ತಿರುಗಿದ. ಕನ್ನಡಕ ತೆಗೆದಿದ್ದ, ಕಣ್ಣುಗಳು ಚಿಕ್ಕದಾಗಿ, ಹೆದರಿದಂತೆ ಕಾಣುತ್ತಿದ್ದವು. "ಏಳು ತಿಂಗಳು ಎಳೆದೆ. ನೀವು ನನ್ನನ್ನ ರಿಪೇರಿಯವನು ಅಂತ ಮಾತ್ರ ಅಂದ್ಕೊಂಡಿದ್ದೀರಿ ಅಂತ ಅನ್ನಿಸ್ತು. ಹಾಗಿದ್ರೆ ಎಲ್ಲಾ ಜೋಡಿಸಿಕೊಟ್ಟು ಮರ್ಯಾದೆಯಾಗಿ ಹೋಗೋಣ ಅಂತ ಬಂದೆ."

ಮೇಜಿನ ಮೇಲೆ ಫೋನು ನಡುಗಿತು. ಲ್ಯಾಬಿನ ಯಜಮಾನರು. ಮಧ್ಯಾಹ್ನದವರೆಗೆ ಕಾಯುವ ತಾಳ್ಮೆ ಅವರಿಗೂ ಇರಲಿಲ್ಲ.

ಅವನು ಫೋನು ಎತ್ತಲಿಲ್ಲ, ಕತ್ತರಿಸಲೂ ಇಲ್ಲ. ಅವಳನ್ನೇ ನೋಡುತ್ತಿದ್ದ. ಹೇಳಬೇಕಾದದ್ದು ಅವಳ ನಾಲಿಗೆಯ ತುದಿಗೆ ಬಂದು, ಆರು ವರ್ಷದ ಭಯಕ್ಕೆ ಸಿಕ್ಕಿ, ಹಿಂದೆ ಸರಿಯಿತು. ಫೋನು ಮೂರನೆಯ ಸಲ ನಡುಗಿತು, ನಾಲ್ಕನೆಯ ಸಲ.

ಮಗಳು ಬಾಗಿಲು ಬಿಟ್ಟು ಬಂದು ಇಬ್ಬರ ನಡುವೆ ನಿಂತಳು. ಅಮ್ಮ ಕಣ್ಣಲ್ಲೇ ಬೇಡ ಎಂದಳು. ಅವಳು ಅಮ್ಮನ ಒದ್ದೆ ಸೆರಗನ್ನು ಒಂದು ಕೈಯಲ್ಲಿ ಹಿಡಿದು, ಮುಖವನ್ನು ಅವನ ಕಡೆಗೆತ್ತಿದಳು.

"ಮಾಮ, ನೀವು ಹೋಗದೆ ಇರೋಕೆ ಅಮ್ಮ ಏನು ಹೇಳ್ಬೇಕು?"