ಮರದ ಪೆಟ್ಟಿಗೆಯ ಗೇರ್‌ಬಾಕ್ಸ್

ಹಲ್ಲಿನ ಡಾಕ್ಟರು ಆ ಮಾತನ್ನು ನಗುತ್ತಲೇ ಹೇಳಿದ್ದರು. "ಅದೊಂದು ಕೇಳ್ಬೇಡಿ ಮೇಷ್ಟ್ರೇ. ನನ್ನ ಗಾಡೀದು ನಾಳೆ ಕೈಕೊಟ್ರೆ ನಾನೆಲ್ಲಿಗೆ ಹೋಗ್ಲಿ?"

ಅಷ್ಟೇ. ಹದಿನೆಂಟು ವರ್ಷ ಅವರ ಹಳೆಯ ರೇಸಿಂಗ್ ಕಾರಿನ ಚಾಕರಿ ಮಾಡಿದ್ದಕ್ಕೆ ಸಿಕ್ಕ ಉತ್ತರ ಅಷ್ಟೇ. ಗ್ಯಾರೇಜುಗಳ ಬೀದಿಯಲ್ಲೆಲ್ಲ ಗೇರ್ ಮೇಷ್ಟ್ರು ಎಂದೇ ಹೆಸರಾದ ಅವನು ಕೈಯ ಗ್ರೀಸ್ ಒರೆಸಿಕೊಂಡ. ಈ ಮನುಷ್ಯ ತನ್ನ ಮಾತನ್ನು ಯಾವತ್ತಾದರೂ ಕಿವಿಗೆ ಹಾಕಿಕೊಂಡಿದ್ದಾನೆಯೇ ಎಂದುಕೊಂಡ. ಎಣ್ಣೆಯ ಬಗ್ಗೆ, ಕ್ಲಚ್ಚಿನ ಬಗ್ಗೆ ಏನು ಹೇಳಿದರೂ ಡಾಕ್ಟರು ತಲೆಯಾಡಿಸುತ್ತಿದ್ದರು, ನೋಟ ಮಾತ್ರ ಬಾನೆಟ್ಟಿನ ಹೊಳಪಿನ ಮೇಲಿರುತ್ತಿತ್ತು.

ಆ ಕಾರಿಗೆಂದೇ ಕಂಪನಿ ಮಾಡಿದ ಐದು ಗೇರಿನ ಬಾಕ್ಸುಗಳು ಕೆಲವೇ ನೂರು. ಡಾಕ್ಟರ ಬಳಿ ಎರಡಿದ್ದವು: ಒಂದು ಕಾರಿನಲ್ಲಿ, ಇನ್ನೊಂದು ಶೆಡ್ಡಿನ ಮೂಲೆಯ ಮರದ ಪೆಟ್ಟಿಗೆಯಲ್ಲಿ. ಆ ಇನ್ನೊಂದನ್ನೇ ಮೇಷ್ಟ್ರು ಕೊಡಿ ಎಂದು ಕೇಳಿದ್ದ. ಮೇಷ್ಟ್ರ ಬಳಿ ಇದ್ದದ್ದು ಅದೇ ಮಾದರಿಯ ಕಾರು ಮಾತ್ರ. ಅವನೂ ಅಣ್ಣನೂ ಸೇರಿ ಗುಜರಿಯಿಂದ ಎಳೆದು ತಂದದ್ದು. ಇಪ್ಪತ್ತು ವರ್ಷದ ಭಾನುವಾರಗಳನ್ನೆಲ್ಲ ಅದು ನುಂಗಿತ್ತು. ಎಂಜಿನ್ ಆಯಿತು, ಬ್ರೇಕ್ ಆಯಿತು, ಸೀಟಿಗೆ ಚರ್ಮವೂ ಆಯಿತು. ಗೇರ್‌ಬಾಕ್ಸ್ ಮಾತ್ರ ಸಿಗಲಿಲ್ಲ. ಈಗ ಅಣ್ಣನ ನೆನಪು ಸೋರಿಹೋಗುತ್ತಿತ್ತು. ಇನ್ನೆರಡು ತಿಂಗಳು ಮನೆಯವರ ಗುರುತು ಹಿಡಿದರೆ ಹೆಚ್ಚು ಎಂದಿದ್ದರು ಆಸ್ಪತ್ರೆಯವರು. ಅಷ್ಟರೊಳಗೆ ಅವನನ್ನು ಆ ಕಾರಿನಲ್ಲಿ ಒಂದು ಸುತ್ತು ಕರೆದೊಯ್ಯಬೇಕು. ಮೇಷ್ಟ್ರಿಗೆ ಬೇರೆ ಆಸೆಯೇ ಉಳಿದಿರಲಿಲ್ಲ.

ಉಪಾಯ ತಾನಾಗಿ ಹೊಳೆಯಿತು. ಅದೇ ಕಂಪನಿಯ ಸಾಧಾರಣ ಕಾರಿನ ಗೇರ್‌ಬಾಕ್ಸಿಗೂ ಹೊರಗಿನ ಕವಚ ಅದೇ ಅಚ್ಚಿನದು. ಒಳಗಿನ ಗೇರುಗಳ ಹಲ್ಲಿನ ಲೆಕ್ಕ ಬೇರೆ, ಶಾಫ್ಟಿನ ತುದಿಯ ಕಚ್ಚುಗಳೂ ಬೇರೆ, ಆದ್ದರಿಂದ ರೇಸಿಂಗ್ ಎಂಜಿನ್ನಿಗೆ ಕೂರುವುದಿಲ್ಲ. ಆದರೆ ಪೆಟ್ಟಿಗೆಯಲ್ಲಿ ಕೂರಲು ಎಂಜಿನ್ ಯಾಕೆ ಬೇಕು? ಗುಜರಿಯಲ್ಲಿ ಅಂಥದ್ದೊಂದನ್ನು ಆರಿಸಿ ತಂದ. ಸೀಮೆಎಣ್ಣೆಯಲ್ಲಿ ತೊಳೆದ. ಕವಚದ ಹಳೆಯ ನಂಬರನ್ನು ಉಜ್ಜಿ, ಡಾಕ್ಟರ ಗೇರ್‌ಬಾಕ್ಸಿನ ನಂಬರನ್ನು ಒಂದೊಂದೇ ಅಂಕಿಯಾಗಿ ಹೊಡೆದ. ಮೂರನೆಯ ಅಂಕಿ ಅಸಲಿನಲ್ಲಿ ಕೊಂಚ ವಾಲಿತ್ತು, ಇಲ್ಲಿಯೂ ವಾಲಿಸಿದ. ಬೀದಿಯವರಿಗೆಲ್ಲ, ಹೊರದೇಶದ ವ್ಯಾಪಾರಿಯೊಬ್ಬ ಕೊನೆಗೂ ಒಂದನ್ನು ಹುಡುಕಿಕೊಟ್ಟನೆಂದು ತಿಂಗಳ ಮೊದಲೇ ಹೇಳಿಟ್ಟ. ಮುಂದೆ ಡಾಕ್ಟರಿಗೆ ಆ ಪೆಟ್ಟಿಗೆ ಬೇಕಾದರೂ, ತೆರೆಯಲು ಕರೆಸುವುದು ಯಾರನ್ನು? ತನ್ನನ್ನೇ. ಈ ಊರಿನಲ್ಲಿ ಆ ಕೆಲಸ ಬಲ್ಲ ಇನ್ನೊಂದು ಕೈ ಇರಲಿಲ್ಲ. ಅದನ್ನು ನೆನೆದಾಗ ಅವನಿಗೆ ಬಹುದಿನದ ಮೇಲೆ ನಗು ಬಂತು.

ಸರ್ವೀಸಿನ ದಿನ ಡಾಕ್ಟರು ಕ್ಲಿನಿಕ್ಕಿನಲ್ಲಿದ್ದರು. ಅವರ ಹೆಂಡತಿ ಎಂದಿನಂತೆ ಶೆಡ್ಡಿನ ಬೀಗದ ಕೈ ಕೊಟ್ಟು ಒಳಗೆ ಹೋದರು. ಮೇಷ್ಟ್ರು ವ್ಯಾನನ್ನು ಹಿಮ್ಮುಖವಾಗಿ ತಂದು ಬಾಗಿಲಿಗೆ ಒತ್ತಿಸಿದ. ಪೆಟ್ಟಿಗೆಯ ಮುಚ್ಚಳದ ಮೇಲೆ ಒಂದು ಚಿಟಿಕೆ ಧೂಳಿಲ್ಲ. ಹಲ್ಲುಜ್ಜಿಸುವವರ ಮನೆ, ಇರಬೇಕಾದ್ದೇ ಎಂದುಕೊಂಡ. ಒಂದನ್ನು ಎತ್ತಿ ವ್ಯಾನಿಗೆ ಹಾಕಿದ, ಇನ್ನೊಂದನ್ನು ಇಳಿಸಿದ, ಎಣ್ಣೆಕಾಗದವನ್ನು ಅದೇ ಮಡಿಕೆಗಳಲ್ಲಿ ಸುತ್ತಿದ. ಹೆಚ್ಚೆಂದರೆ ಇಪ್ಪತ್ತು ನಿಮಿಷ. ಆಮೇಲೆ ಡಾಕ್ಟರ ಕಾರಿನ ಎಣ್ಣೆಯನ್ನು ಎಂದಿಗಿಂತ ಶ್ರದ್ಧೆಯಿಂದ ಬದಲಾಯಿಸಿ, ಅಮ್ಮಾವರು ಕೊಟ್ಟ ಚಹಾ ಕುಡಿದು ಹೊರಟ.

ಗೇರ್‌ಬಾಕ್ಸ್ ತನ್ನ ಕಾರಿಗೆ ಕೂತಿತು, ಅಲ್ಲೇ ಹುಟ್ಟಿದ ಹಾಗೆ. ಒಂದು ಬೆಳಿಗ್ಗೆ ಅತ್ತಿಗೆ ಅಣ್ಣನಿಗೆ ಇಸ್ತ್ರಿ ಮಾಡಿದ ಅಂಗಿ ತೊಡಿಸಿ, ತೋಳು ಹಿಡಿದು ಕರೆತಂದು ಮುಂದಿನ ಸೀಟಿನಲ್ಲಿ ಕೂರಿಸಿದಳು. ಮೇಷ್ಟ್ರು ಒಂದರಿಂದ ಐದರವರೆಗೆ ಒಂದೊಂದೇ ಗೇರನ್ನು ಅಣ್ಣನಿಗೆ ಕೇಳಿಸುವಂತೆ ಬದಲಾಯಿಸುತ್ತ ಹೊರವರ್ತುಲದ ರಸ್ತೆಯುದ್ದಕ್ಕೂ ಓಡಿಸಿದ. ಅಣ್ಣ ಕಿಟಕಿಯಾಚೆ ನೋಡುತ್ತಿದ್ದ. ಬಹಳ ಹೊತ್ತಿನ ಮೇಲೆ, ಗುರುತಿಲ್ಲದವರನ್ನು ಮಾತಾಡಿಸುವ ಮರ್ಯಾದೆಯಿಂದ ಕೇಳಿದ: "ಗಾಡಿ ಚೆನ್ನಾಗಿದೆ. ಯಾರದ್ದು?"

"ನಿಂದೇ ಅಣ್ಣಾ. ನಮ್ಮಿಬ್ರದ್ದು."

"ಹೌದಾ," ಎಂದ ಅಣ್ಣ. ಮತ್ತೆ ಕಿಟಕಿಯ ಕಡೆ ತಿರುಗಿದ. ಮೇಷ್ಟ್ರಿಗೆ ಮುಂದಿನ ರಸ್ತೆ ಮಸುಕಾಯಿತು. ತಡಮಾಡಿದ್ದ. ಕದ್ದದ್ದೂ ತಡವಾಗಿಯೇ ಕದ್ದಿದ್ದ.

ಅಣ್ಣನನ್ನು ಮನೆಗೆ ಬಿಟ್ಟು ಬಂದಾಗ ಗ್ಯಾರೇಜಿನ ಬಾಗಿಲಲ್ಲಿ ಡಾಕ್ಟರು ನಿಂತಿದ್ದರು. ಮುಖದಲ್ಲಿ ಸಿಟ್ಟಿರಲಿಲ್ಲ, ತಪ್ಪು ಮಾಡಿದ ವಿದ್ಯಾರ್ಥಿಯ ಅಳುಕಿತ್ತು. "ಮೇಷ್ಟ್ರೇ, ಪೆಟ್ಟಿಗೇಲಿರೋ ಗೇರ್‌ಬಾಕ್ಸಿಗೆ ನನ್ನಿಂದ ಏನೋ ಆಗಿಹೋಯ್ತು ಅನ್ಸುತ್ತೆ. ಅದನ್ನ ಒಳಗಿಡೋವಾಗ ನೀವು ಹೇಳಿದ್ರಲ್ಲ, ಸುಮ್ನೆ ಬಿಟ್ರೆ ಬೇರಿಂಗ್ ಹಿಡ್ಕೊಳುತ್ತೆ, ತಿಂಗಳಿಗೊಂದ್ಸಲ ಫಸ್ಟ್ ಗೇರಿಗೆ ಹಾಕಿ ಕೈಯಲ್ಲಿ ತಿರುಗಿಸಿ ಅಂತ. ಹನ್ನೊಂದು ವರ್ಷದಿಂದ ಒಂದು ತಿಂಗಳೂ ತಪ್ಪಿಸಿಲ್ಲ ನಾನು." ಮೇಷ್ಟ್ರು ಆ ಮಾತನ್ನು ನೂರು ಗಿರಾಕಿಗಳಿಗೆ ಹೇಳಿದ್ದ, ಯಾರೂ ಮಾಡುವವರಲ್ಲವೆಂದು ತಾನೇ ಮರೆತಿದ್ದ. "ಯಾವಾಗ್ಲೂ ಮುಂದಿನ ಶಾಫ್ಟ್ ಮೂರು ಸುತ್ತು ತಿರುಗಿಸಿದ್ರೆ ಹಿಂದಿಂದು ಒಂದು ಸುತ್ತು ಬರೋದು," ಎಂದ ಡಾಕ್ಟರ ಕಣ್ಣು, ಇನ್ನೂ ಗುರುಗುಡುತ್ತಿದ್ದ ಕಾರಿನ ಕಡೆ ಹೊರಳಿ ಅಲ್ಲೇ ನಿಂತಿತು. "ಇವತ್ತು ನಾಲ್ಕು ಬೇಕಾಯ್ತು."