ಅಂಬಿಕಳ ಎಡಗಣ್ಣು

ಕಾಫಿ ತಟ್ಟೆ ಹಿಡಿದು ಬಂದ ಅಂಬಿಕ ಮೆಲ್ಲಗೆ ತಲೆ ಎತ್ತಿದಳು. ಕ್ಯಾಸಂಬಳ್ಳಿಯಿಂದ ತಾಯಿಯ ಜೊತೆ ಹೆಣ್ಣು ನೋಡಲು ಬಂದಿದ್ದ ಬಾಲಾಜಿ ಅವಳ ಕಣ್ಣನ್ನೇ ನೋಡುತ್ತಿದ್ದ. ಅಬ್ಬಾ, ಎಂಥ ನೋಟ!

ಅಷ್ಟರಲ್ಲಿ ದೃಷ್ಟಿಯಾಗದಿರಲೆಂದು ಅಜ್ಜಿ ಕೆಂಡಕ್ಕೆ ಸಾಂಬ್ರಾಣಿ ಸುರಿದಳು. ಬೂದಿಕೋಟೆಯ ಆ ಪುಟ್ಟ ನಡುಮನೆಯೆಲ್ಲ ಹೊಗೆ... ಅಂಬಿಕಳಿಗೆ ಉಸಿರೇ ಸಿಗಲಿಲ್ಲ!

ಉಬ್ಬಸದ ಇನ್‌ಹೇಲರ್ ಗಂಡಿನ ಕಡೆಯವರಿಗೆ ಕಾಣದಿರಲೆಂದು ಅಮ್ಮ ಅದನ್ನು ಪಕ್ಕದ ಮನೆಯಲ್ಲಿ ಬಚ್ಚಿಟ್ಟಿದ್ದಳು. ಪಕ್ಕದ ಮನೆಯವರು ಬಾಗಿಲು ಹಾಕಿಕೊಂಡು ಹೊಲಕ್ಕೆ ಹೋಗಿದ್ದರು. ಈ ಅಮ್ಮಂದಿರ ಬುದ್ಧಿಗೆ ಏನು ಹೇಳೋಣ!

ಬಾಲಾಜಿಯೇ ಅವಳನ್ನು ಕಾರಿಗೆ ಹತ್ತಿಸಿ ಬಂಗಾರಪೇಟೆಯ ಆಸ್ಪತ್ರೆಗೆ ಓಡಿಸಿದ. ಔಷಧಿಯ ಹಬೆ ಎಳೆಸುವ ನೆಬ್ಯುಲೈಸರ್ ಶುರುವಾಯಿತು. ನರ್ಸ್ ಇಂಜೆಕ್ಷನ್ ತರಲು ಹೋದಾಗ ಮಾಸ್ಕ್ ಹಿಡಿದುಕೊಂಡವನೂ ಅವನೇ.

ಉಸಿರು ಹಗುರಾಯಿತು. 'ದೇವರೇ, ಬದುಕಿದೆ!'

ಅವಳು ಕಣ್ಣು ತೆರೆದದ್ದೇ ತಡ, ಬಾಲಾಜಿಯ ತಾಯಿ ಚಿಕ್ಕಮುನಿಯಮ್ಮ ಚೀರಿದಳು.

"ಅಯ್ಯಯ್ಯೋ! ಎಡಗಣ್ಣಿನ ಪಾಪೆ ನೋಡ್ಲಾ, ಎಷ್ಟಗಲ ಆಗೈತೆ! ಬಲಗಡೇದು ಸಣ್ಣಕ್ಕೈತೆ! ದಮ್ಮಿನ ಕಾಯ್ಲೆ ಮುಚ್ಚಿಟ್ರು, ಕಣ್ಣಿನ ಐಬೂ ಮುಚ್ಚಿಟ್ರಾ?"

ಅಂಬಿಕ ಬೆಚ್ಚಿಬಿದ್ದಳು. ನಿಜ... ಆ ಕಣ್ಣಿಗೆ ಎಲ್ಲ ಮಸುಕು! 'ಮೆದುಳಿಗೇನಾದರೂ ಆಯಿತೇ? ಕುರುಡಿಯಾಗಿಬಿಟ್ಟೆನೇ?'

"ಇಲ್ಲಮ್ಮಾ!" ಬಾಲಾಜಿ ತಡೆದ. "ಕಾಫಿ ತಂದಾಗ ನಾನು ನೋಡಿದ್ದೇ ಆ ಕಣ್ಣನ್ನ. ಎರಡೂ ಒಂದೇ ತರ ಇದ್ವು. ಡಾಕ್ಟ್ರೇ...!"

ಡಾಕ್ಟರ್ ಓಡಿ ಬಂದರು. ಕಣ್ಣಿಗೆ ಬೆಳಕು ಬಿಟ್ಟರು, ಮಾತಾಡಿಸಿದರು, ಕೈಕಾಲು ಎತ್ತಿಸಿದರು.

"ಮಾಸ್ಕ್ ಯಾರು ಹಿಡಿದಿದ್ದು?"

"ನಾನೇ ಸಾರ್..."

"ಸಡಿಲ ಬಿಟ್ಟಿದ್ದೀರಿ. ಔಷಧಿ ಹಬೆ ಸೋರಿ ಈ ಕಣ್ಣಿಗೆ ಹೋಗಿದೆ, ಅದಕ್ಕೇ ಪಾಪೆ ಅಗಲ ಆಗಿದೆ. ಒಂದೆರಡು ದಿನದಲ್ಲಿ ತಾನಾಗೇ ಸರಿಹೋಗುತ್ತೆ."

ಬಾಲಾಜಿಯ ಮುಖ ಕೆಂಪೇರಿತು. "ಅವ್ರ ಮುಖ ಮುಟ್ಟೋಕೆ ನಾಚ್ಕೆ ಆಯ್ತು ಸಾರ್... ಇನ್ನೂ ಒಪ್ಗೆನೇ ಆಗಿಲ್ವಲ್ಲ!"

ಚಿಕ್ಕಮುನಿಯಮ್ಮ ಸೆರಗಿನಿಂದ ಬಾಯಿ ಮುಚ್ಚಿಕೊಂಡು ನಕ್ಕುಬಿಟ್ಟಳು. ಅಂಬಿಕಳಿಗೆ ಮಾತ್ರ ಅಳು ತಡೆಯಲಾಗಲಿಲ್ಲ.

"ದಮ್ಮು ನಿಜ ಕಣ್ರೀ... ಚಿಕ್ಕಂದಿನಿಂದ ಐತೆ. ಮುಚ್ಚಿಟ್ಟಿದ್ದು ತಪ್ಪು. ಬೇಡ ಅನ್ನೋದಾದ್ರೆ ಈಗ್ಲೇ ಅಂದ್ಬಿಡಿ."

"ದಮ್ಮಿಗೆ ಔಷಧಿ ಐತೆ. ಮುಚ್ಚಿಡೋದು ಇವತ್ತಿಗೇ ಸಾಕು." ಅವನು ಹತ್ತಿರ ಬಂದ. "ನಂಗೆ ನೀವು ಬೇಕು. ಆದ್ರೆ ನೀವು ಈಗ್ಲೇ ಊಂ ಅನ್ಬೇಡಿ. ಕಣ್ಣು ಸರಿ ಓಗ್ಲಿ, ನನ್ನನ್ನ ಚೆನ್ನಾಗಿ ನೋಡಿ ಆಮೇಲೆ..."

"ನೋಡೋದೇನೈತೆ?"

ಅಂಬಿಕ ಅವನ ಅಂಗೈ ಎಳೆದು ತನ್ನ ಒದ್ದೆ ಕೆನ್ನೆಗೆ ಒತ್ತಿಕೊಂಡಳು.

"ಈಗಾದ್ರೂ ಗಟ್ಟಿಯಾಗಿ ಇಡ್ಕೊಳ್ರೀ!"